ಅಜ್ಜಿಯ ಹಾಡನ್ನು ಚಿತ್ರೀಕರಿಸುವ ಮುನ್ನ

ಬೀಸುವ ಪದ, ಸೋಬಾನೆ ಪದ ಬಲ್ಲ ಅಜ್ಜಿಯರು ನಿಮ್ಮ ಊರಿನಲ್ಲಿ ಇನ್ನೂ ಒಬ್ಬಿಬ್ಬರಾದರೂ ಇರಬಹುದು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಹಾಡುವ ಸಂದರ್ಭವೂ ಅದರೊಡನೆ ಹೋಯಿತು. ಆ ಹಾಡನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಇಡಬೇಕೆಂಬ ಆಸೆ ಒಳ್ಳೆಯದೇ. ಆದರೆ ಎಂಬತ್ತು ದಾಟಿದವರಿಗೆ "ಜಾಗ ತುಂಬಿಹೋಯಿತು, ಇನ್ನೊಮ್ಮೆ ಹಾಡಿ ಅಜ್ಜಿ" ಎನ್ನುವುದು ನ್ಯಾಯವಲ್ಲ. ಸಿದ್ಧತೆಯೆಲ್ಲ ಅವರು ಬಂದು ಕೂರುವ ಮೊದಲೇ ಮುಗಿಯಬೇಕು. 1080 ಗುಣಮಟ್ಟದ ವಿಡಿಯೋ ಹಲವು ಮೊಬೈಲುಗಳಲ್ಲಿ ನಿಮಿಷಕ್ಕೆ ಸುಮಾರು 60ರಿಂದ 130 ಮೆಗಾಬೈಟ್ ನುಂಗುತ್ತದೆ. ಅಷ್ಟು ಜಾಗ ಮಾಡಿಕೊಳ್ಳಿ, ಬ್ಯಾಟರಿ ತುಂಬಿರಲಿ, ನಡುವೆ ಕರೆ ಬಾರದಂತೆ ಫ್ಲೈಟ್ ಮೋಡ್ ಹಾಕಿ.

ಕಿವಿಯಿಂದ ಆರಂಭಿಸಿ. ಟೆಲಿವಿಷನ್ನಿನವರ ಬಾಯಲ್ಲಿ ಈ ಮಾತು ವಿಚಿತ್ರವೆನಿಸೀತು. ಆದರೆ ಚಿತ್ರ ತುಸು ಮಸುಕಾದರೂ ನೋಡುವವರು ಸಹಿಸುತ್ತಾರೆ, ಪದ ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಭೌತಶಾಸ್ತ್ರದ ವಿಲೋಮ ವರ್ಗ ನಿಯಮ ನೆನಪಿದೆಯಲ್ಲವೇ? ಮೈಕಿನ ದೂರ ಎರಡರಷ್ಟಾದರೆ ಬಾಯಿಂದ ನೇರವಾಗಿ ಬರುವ ಧ್ವನಿಯ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಗೋಡೆಗಳಿಂದ ಮರಳುವ ಸದ್ದು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಧ್ವನಿಗೆಂದೇ ಎರಡನೆಯ ಮೊಬೈಲನ್ನು ಅಜ್ಜಿಯ ಹತ್ತಿರ, ಮಡಿಸಿದ ಬಟ್ಟೆಯ ಮೇಲೆ ಇಡಿ. ಬರಿಯ ನೆಲದ ಮೇಲಿಟ್ಟರೆ ಕಲ್ಲಿನ ಕಂಪನವೂ ಮುದ್ರಣವಾಗುತ್ತದೆ. ಎರಡನ್ನೂ ಚಾಲೂ ಮಾಡಿ ಒಮ್ಮೆ ಚಪ್ಪಾಳೆ ತಟ್ಟಿ. ಸಂಕಲನದ ವೇಳೆ ಚಿತ್ರಕ್ಕೂ ಧ್ವನಿಗೂ ತಾಳೆ ಹಾಕಲು ಅದೇ ಗುರುತು. ಸಿನಿಮಾದವರ ಕ್ಲ್ಯಾಪ್ ಹಲಗೆ ಮಾಡುವುದೂ ಇಷ್ಟನ್ನೇ. ಫ್ಯಾನ್ ನಿಲ್ಲಿಸುವುದನ್ನು ಮರೆಯಬೇಡಿ.

ಬೆಳಕಿಗೆ ಒಂದು ಕಿಟಕಿ ಸಾಕು. ಅದು ಬೆನ್ನ ಹಿಂದಿದ್ದರೆ ಕ್ಯಾಮೆರಾ ಆ ಪ್ರಖರತೆಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿಸುತ್ತದೆ. ಓರೆಯಾಗಿ ಮುಂದಿನಿಂದ ಬರಲಿ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬಿನದು 2700ರ ಆಸುಪಾಸು. ಎರಡೂ ಬೆರೆತರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ! ಬಲ್ಬು ಆರಿಸಿಬಿಡಿ.

ಇನ್ನು ಚೌಕಟ್ಟು. ಮೊಬೈಲನ್ನು ಅಡ್ಡಲಾಗಿ, ಅಲುಗದಂತೆ ನಿಲ್ಲಿಸಿ. ಅಜ್ಜಿ ನೆಲದ ಮೇಲೆ ಕೂತರೆ ಕ್ಯಾಮೆರಾವೂ ಅವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ನಿಂತು ತೆಗೆದರೆ ಅವರು ಕುಗ್ಗಿದಂತೆ ಕಾಣುತ್ತಾರೆ. ಕಣ್ಣುಗಳು ಚೌಕಟ್ಟಿನ ಮೇಲಿನ ಮೂರನೆಯ ಒಂದು ಭಾಗದ ಗೆರೆಯ ಹತ್ತಿರವಿರಲಿ, ನೋಟ ಯಾವ ಕಡೆಗಿದೆಯೋ ಆ ಕಡೆ ಹೆಚ್ಚು ಜಾಗವಿರಲಿ. ಇವು ಪಾಠದ ಮಾತುಗಳು. ಇಲ್ಲಿ ಅದಕ್ಕಿಂತ ಮುಖ್ಯವಾದುದು ಕೈ. ಬೀಸುವ ಪದದ ಲಯ ಗೂಟ ಹಿಡಿದು ಕಲ್ಲು ತಿರುಗಿಸುವ ಕೈಯಲ್ಲಿದೆ. ಪ್ರತಿ ಸುತ್ತಿಗೂ ಮೈ ಮುಂದಕ್ಕೆ ಬಾಗುತ್ತದೆ, ಉಸಿರು ಅದರಂತೆ ಹೊರಳುತ್ತದೆ. ಸುಕ್ಕುಗಟ್ಟಿದ ಮುಖದ ಕ್ಲೋಸ್ ಅಪ್ ಚೆಂದವೆಂದು ಅಲ್ಲೇ ನಿಂತುಬಿಟ್ಟರೆ ಹಾಡಿನ ಅರ್ಧ ಹೊರಗುಳಿಯಿತು. ಮುಖ, ಕೈ, ಕಲ್ಲು ಮೂರೂ ಸೇರುವ ಶಾಟ್ ಇಡೀ ಹಾಡಿಗೆ ಕದಲದೆ ಇರಲಿ. ಹತ್ತಿರದ ಶಾಟ್‌ಗಳನ್ನು, ಅಜ್ಜಿಗೆ ಆಯಾಸವಿಲ್ಲದಿದ್ದರೆ, ಆಮೇಲೆ ಪ್ರತ್ಯೇಕವಾಗಿ ತೆಗೆದುಕೊಳ್ಳಬಹುದು. ಅದಕ್ಕೂ ಜೂಮ್ ಬೇಡ, ನೀವೇ ಹತ್ತಿರ ಹೋಗಿ. ಡಿಜಿಟಲ್ ಜೂಮ್ ಎಂದರೆ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ.

ಹಾಡು ಮುಗಿದೊಡನೆ ಕ್ಯಾಮೆರಾ ನಿಲ್ಲಿಸಬೇಡಿ. ಯಾರಿಂದ ಕಲಿತದ್ದು, ಯಾವ ಹೊತ್ತಿನಲ್ಲಿ ಹಾಡುತ್ತಿದ್ದದ್ದು ಎಂಬುದನ್ನು ಅಜ್ಜಿ ಸಾಮಾನ್ಯವಾಗಿ ಹೇಳತೊಡಗುವುದು ಆಗಲೇ.