ಪ್ರಾಸವೂ ಪಣವೂ: ರ್‍ಯಾಪ್ ಗೀತದ ವಿಚಾರ

ಕಾವ್ಯದಿಂದ ಯಶಸ್ಸೂ ಧನವೂ ಲಭಿಸುವುವೆಂದು ಮಮ್ಮಟನು ಕಾವ್ಯಪ್ರಯೋಜನಗಳ ಆದಿಯಲ್ಲಿಯೇ ಹೇಳಿರುವನು. ಆದುದರಿಂದ ಕವಿಯು ಹಣವನ್ನು ಬಯಸುವುದು ತಾನಾಗಿ ದೋಷವಲ್ಲ. ಹಣ ಕೊಡುವ ಶ್ರೋತೃವು ಕವಿಯ ಯಾವ ಗುಣಕ್ಕಾಗಿ ಕೊಡುತ್ತಾನೆಂಬುದೇ ವಿಚಾರಾರ್ಹವಾದುದು. ಹಿಪ್-ಹಾಪ್ ಸಂಪ್ರದಾಯದ ರ್‍ಯಾಪ್ ಗೀತವು, ಎಂದರೆ ತಾಳಕ್ಕೆ ಹೊಂದಿಸಿ ಪ್ರಾಸಬದ್ಧವಾಗಿ ನುಡಿಯುವ ಪದ್ಯವು, ಈ ಪ್ರಶ್ನೆಯನ್ನು ಹೊಸದಾಗಿ ಎತ್ತಿರುವುದು.

ಈ ಸಂಪ್ರದಾಯವು 1973ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಕೂಟಗಳಲ್ಲಿ ಹುಟ್ಟಿತು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್ ಎಂಬ ಮೇಳದ ‘ರ್‍ಯಾಪರ್ಸ್ ಡಿಲೈಟ್’ ಧ್ವನಿಮುದ್ರಿಕೆಯು ದೇಶದೇಶಗಳಲ್ಲಿ ಮಾರಾಟವಾಯಿತು. ಅದರ ಕೆಲವು ನುಡಿಗಳನ್ನು ರಚಿಸಿದ್ದ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಅವರಿಗಾದರೋ ಹೆಸರೂ ಹಣವೂ ದೊರೆಯಲಿಲ್ಲ. ಕೇಳುಗರಿಗಾಗಿ ಪದ್ಯವನ್ನು ಸುಲಭಗೊಳಿಸಿ ಸಂಪಾದನೆಯನ್ನು ಇಮ್ಮಡಿಸಿಕೊಂಡುದಾಗಿ ಜೇ-ಝೀ ಅವರು 2003ರ ಒಂದು ಗೀತದಲ್ಲಿ ತಾವೇ ಹೇಳಿಕೊಂಡಿರುವರು. ಇದಕ್ಕೆ ಪ್ರತಿಯಾಗಿ ಕೆಂಡ್ರಿಕ್ ಲಮಾರ್ ಅವರ ‘ಡ್ಯಾಮ್’ (2017) ಎಂಬ ಗೀತಸಂಕಲನವು ಬಹುವಾಗಿ ಮಾರಾಟವಾಗಿಯೂ 2018ರಲ್ಲಿ ಸಂಗೀತದ ಪುಲಿಟ್ಜರ್ ಬಹುಮಾನವನ್ನು ಪಡೆಯಿತು. ಹೀಗೆ ಕೌಶಲಕ್ಕೂ ಮಾರಾಟಕ್ಕೂ ಸಹಜವೈರವಿಲ್ಲವೆಂದು ತಿಳಿಯುವುದು.

ಕನ್ನಡದಲ್ಲಿ ಈ ಪ್ರಶ್ನೆಗೆ ಭಾಷೆಯ ಸ್ವಭಾವದಿಂದ ಬಂದ ಒಂದು ವಿಶೇಷವುಂಟು. ಸುಮಾರು 990ರ ನಾಗವರ್ಮನ ‘ಛಂದೋಂಬುಧಿ’ಯು ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಪ್ರಾಸಗಳನ್ನು ಹೇಳುವುದು, ಇವೆಲ್ಲವೂ ಪಾದದ ಎರಡನೆಯ ಅಕ್ಷರವನ್ನು ಆಶ್ರಯಿಸಿದವು. ರ್‍ಯಾಪ್ ಗೀತವಾದರೋ ಇಂಗ್ಲಿಷಿನ ಮಾದರಿಯಲ್ಲಿ ಪಾದಾಂತ್ಯಪ್ರಾಸವನ್ನೇ ಮುಖ್ಯವಾಗಿ ನಂಬಿರುವುದು. ಇಂಗ್ಲಿಷಿನಲ್ಲಿ ಅಂತ್ಯಪ್ರಾಸವನ್ನು ಹುಡುಕಿ ತರಬೇಕು. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ನಿಲ್ಲುವುದರಿಂದ ಅದು ಬೇಡದೆಯೇ ಬರುವುದು. ‘ಕೇಳುತ್ತಾನೆ’, ‘ಬರುತ್ತಾನೆ’ ಎಂಬಲ್ಲಿ ಹೊಂದುವುದು ಪ್ರತ್ಯಯ ಮಾತ್ರ. ಇದರಲ್ಲಿ ಕವಿಯ ಶ್ರಮವಿಲ್ಲ. ‘ಕಲ್ಲು’, ‘ಸೊಲ್ಲು’, ‘ನೆಲ್ಲು’ ಎಂಬಲ್ಲಿಯಾದರೋ ಹೊಂದುವುದು ಶಬ್ದದ ಒಡಲೇ. ಅರ್ಥದಿಂದ ದೂರವಾದ ಮೂರು ವಸ್ತುಗಳನ್ನು ಒಂದೆಡೆಗೆ ತರುವ ಹೊಣೆ ಕವಿಯದು. ಅಗ್ಗದ ಪ್ರಾಸವೂ ಕಿವಿಗೆ ಇಂಪಾಗಿಯೇ ಕೇಳುವುದರಿಂದ ಮಾರಾಟದ ಗೀತಕ್ಕೆ ಅಷ್ಟೇ ಸಾಕಾಗುವ ಅಪಾಯವು ಕನ್ನಡದಲ್ಲಿ ಹೆಚ್ಚು.

ಹಾಡಿ ಜೀವಿಸಿದವರು ಈ ಅಪಾಯವನ್ನು ಹಿಂದೆ ಹೇಗೆ ದಾಟಿದರು? ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಲಾವಣಿಗಳಲ್ಲಿ ಒಂದು ಪಕ್ಷವು ಪುರುಷನ ಹಿರಿಮೆಯನ್ನೂ ಮತ್ತೊಂದು ಸ್ತ್ರೀಯ ಹಿರಿಮೆಯನ್ನೂ ಸಾಧಿಸುವುದು. ಒಬ್ಬರು ಒಡ್ಡಿದ ಪ್ರಶ್ನೆಗೆ ಇನ್ನೊಬ್ಬರು ಹಾಡಿನಲ್ಲಿಯೇ ಉತ್ತರ ಕೊಡಬೇಕು. ಪಲ್ಲವಿಯು ನೆರೆದ ಜನವನ್ನು ಹಿಡಿದು ನಿಲ್ಲಿಸುವುದು, ನುಡಿಯು ಬಲ್ಲವರನ್ನು ತೃಪ್ತಿಪಡಿಸುವುದು. ಗೆಲುವನ್ನು ತೀರ್ಮಾನಿಸುವುದು ನುಡಿಯೇ ಆದುದರಿಂದ ಜನರು ಕೌಶಲಕ್ಕಾಗಿಯೇ ನೆರೆಯುತ್ತಿದ್ದರು.

ಬಳ್ಳಾರಿ ಸೀಮೆಯ ಬುರ್ರಕಥೆಯಲ್ಲಿ ಈ ಹೊಂದಿಕೆಯು ಮತ್ತೊಂದು ರೂಪದಲ್ಲಿ ಕಾಣುವುದು. ವೇದಾವತಿಯ ದಡದ ರಾರಾವಿಯಿಂದ ಆದೋನಿಯ ಕಡೆಗೆ ಹಬ್ಬಿರುವ ಈ ಗಡಿನಾಡಿನಲ್ಲಿ ಕನ್ನಡ ತೆಲುಗುಗಳೆರಡೂ ನಿತ್ಯ ಬಳಕೆಯವು. ತೆಲುಗು ಮನೆಮಾತಿನ ಬುಡ್ಗಜಂಗಮರು ಕನ್ನಡದ ಕೇಳುಗರಿಗೆ ಕನ್ನಡದಲ್ಲಿಯೇ ಕಥೆ ಹಾಡಿ ಜೀವನ ಸಾಗಿಸಿದರು. ಅವರಲ್ಲಿ ಪ್ರಸಿದ್ಧರಾದ ದರೋಜಿ ಈರಮ್ಮನವರು (ನಿಧನ 2014) ದೀರ್ಘಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಗೌರವವನ್ನು ನೀಡಿತು. ಕೇಳುಗರ ನುಡಿಗೆ ಒಲಿದರೂ ಅವರ ಕಥೆಯು ಕಿರಿದಾಗಲಿಲ್ಲ. ಏಕೆಂದರೆ ಕೇಳುವವರು ಇರುಳೆಲ್ಲ ಕುಳಿತು ಕಥೆಯ ಪೂರ್ಣತೆಯನ್ನೇ ಬಯಸುತ್ತಿದ್ದರು.

ಈಗಿನ ಕನ್ನಡ ರ್‍ಯಾಪ್ ಗೀತದ ಕೇಳುಗನು ಕಣ್ಣೆದುರಿಗಿಲ್ಲ. ಚಂದನ್ ಶೆಟ್ಟಿ, ‘ಆಲ್ ಓಕೆ’ ಎಂದು ಹೆಸರಾದ ಅಲೋಕ್ ಮುಂತಾದವರು ಯೂಟ್ಯೂಬಿನ ಸ್ವತಂತ್ರ ಗೀತಗಳಿಂದ ಜನಪ್ರಿಯರಾಗಿ ಚಲನಚಿತ್ರರಂಗದಲ್ಲಿಯೂ ನೆಲೆಗೊಂಡರು. ಅಲ್ಲಿ ಲೆಕ್ಕಕ್ಕೆ ಬರುವುದು ಗೀತವನ್ನು ಎಷ್ಟು ಸಲ ಕೇಳಿದರೆಂಬುದು; ಮತ್ತೆ ಮತ್ತೆ ಕೇಳಿಸುವ ಶಕ್ತಿಯಾದರೋ ಹೆಚ್ಚಾಗಿ ಪಲ್ಲವಿಯದು. ಆದುದರಿಂದ ನುಡಿಯು ಪಲ್ಲವಿಗೆ ಹಿನ್ನೆಲೆಯಾಗಿ ಉಳಿಯುವ ಒತ್ತಡವು ಕವಿಯ ಮೇಲೆ ಬೀಳುವುದು. ಇದು ಒಬ್ಬ ಗಾಯಕನ ಅಶಕ್ತಿಯಲ್ಲ, ಕೂಲಿಯನ್ನು ಅಳೆಯುವ ಕೊಳಗದ ಫಲ.

ಪಲ್ಲವಿಯನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಲಾವಣಿಕಾರನಿಗೂ ಅದು ಬೇಕಾಗಿದ್ದಿತು. ಪಲ್ಲವಿಯು ಕರೆದು ತಂದ ಕೇಳುಗನಿಗೆ ನುಡಿಯು ಏನನ್ನು ಕೊಡುವುದು, ಪ್ರಾಸವು ಪ್ರತ್ಯಯದಲ್ಲಿದೆಯೋ ಪ್ರಕೃತಿಯಲ್ಲಿದೆಯೋ ಎಂಬ ಎರಡು ಪರೀಕ್ಷೆಗಳಿಂದ ಈ ಗೀತಗಳ ತಾರತಮ್ಯವನ್ನು ನಿರ್ಣಯಿಸಬಹುದು. ಸಾಹಿತ್ಯವನ್ನು ಬೋಧಿಸುವವರು ತರಗತಿಯಲ್ಲಿ ಇವನ್ನು ಅಭ್ಯಾಸ ಮಾಡಿಸಿದರೆ ನುಡಿಗೆ ಕಿವಿಗೊಡುವ ಕೇಳುಗರು ಬೆಳೆಯುವರು. ಅಂತಹ ಕೇಳುಗರಿದ್ದಲ್ಲಿ ಕೌಶಲಕ್ಕೂ ಬೆಲೆ ಬರುವುದೆಂಬುದಕ್ಕೆ ಲಾವಣಿಯ ಕಣವೂ ಬುರ್ರಕಥೆಯ ಇರುಳೂ ಸಾಕ್ಷಿಯಾಗಿವೆ.