ಪುಟ್ಟ ಕಾಲು, ದೊಡ್ಡವರ ಮೆಟ್ಟಿಲು

ಮೂರು ವರ್ಷದ ಮಗು ಮೆಟ್ಟಿಲಿಳಿಯೋದನ್ನ ಒಮ್ಮೆ ನಿಂತು ನೋಡಿ. ಒಂದು ಕಾಲಿಡುತ್ತೆ, ಇನ್ನೊಂದನ್ನೂ ಅದೇ ಮೆಟ್ಟಿಲಿಗೆ ತರುತ್ತೆ, ಆಮೇಲಷ್ಟೇ ಮುಂದಿನದು. ಕೈ ಕಂಬಿ ಹುಡುಕುತ್ತೆ. ಆದರೆ 90 ಸೆಂಟಿಮೀಟರ್ ಎತ್ತರದ ಕಂಬಿ ಅದರ ತಲೆ ಮಟ್ಟಕ್ಕಿದೆ!

ಬೆಂಕಿ ಬಿದ್ದಾಗ, ಹೊಗೆಯಲ್ಲಿ ಇಳಿಯಬೇಕಾದದ್ದೂ ಇದೇ ಮಗು.

2004ರ ಜುಲೈ 16, ತಮಿಳುನಾಡಿನ ಕುಂಭಕೋಣಂ. ಶಾಲೆಯ ಮಹಡಿ ಮೇಲೆ ಸೋಗೆಯ ಚಾವಣಿ, ಇಳಿಯೋಕೆ ಇಕ್ಕಟ್ಟಾದ ಮೆಟ್ಟಿಲು. ಬೆಂಕಿಯಲ್ಲಿ 94 ಮಕ್ಕಳು ತೀರಿಕೊಂಡರು. ನೆನೆದರೆ ಇವತ್ತಿಗೂ ಕರುಳು ಚುರ್ ಅನ್ನುತ್ತೆ.

ಅದಕ್ಕೇ ಪುಟಾಣಿಗಳ ತರಗತಿ ನೆಲಮಹಡಿಯಲ್ಲೇ ಇರಬೇಕು. ಮಹಡಿಯಲ್ಲೇ ಇದ್ದರೆ, ಮಕ್ಕಳ ಕೈಗೆಟಕುವ ಹಾಗೆ ಕೆಳಗೆ ಇನ್ನೊಂದು ಕಂಬಿ ಬೇಕು. ಬಾಗಿಲು ಹೊರಕ್ಕೆ ತೆರೀಬೇಕು. ಅಡ್ಮಿಷನ್‌ಗೆ ಹೋದಾಗ ಮಗುವಿನ ಕೈಹಿಡಿದು ಶಾಲೆಯ ಮೆಟ್ಟಿಲನ್ನ ಒಮ್ಮೆ ಇಳಿಸಿ ನೋಡಿ.