ತರುಣ ಚಾಲಕರೂ ಅಪಘಾತಪ್ರವೃತ್ತಿಯೂ

ಒಂದೇ ವಯಸ್ಸಿನ, ಒಂದೇ ದಿನ ಪರವಾನಗಿ ಪಡೆದ ಇಬ್ಬರು ತರುಣರಲ್ಲಿ ಒಬ್ಬನು ವರ್ಷಗಟ್ಟಲೆ ನಿರಪಾಯವಾಗಿ ವಾಹನ ನಡೆಸುತ್ತಾನೆ. ಮತ್ತೊಬ್ಬನು ಪದೇ ಪದೇ ಅಪಘಾತಕ್ಕೀಡಾಗುತ್ತಾನೆ. ಇದನ್ನು ಹಣೆಬರಹವೆಂದು ಕೈಬಿಡುವುದು ಸುಲಭ. ಆದರೆ 1919ರಷ್ಟು ಹಿಂದೆಯೇ ಗ್ರೀನ್‌ವುಡ್ ಮತ್ತು ವುಡ್ಸ್ ಎಂಬ ಆಂಗ್ಲ ಸಂಶೋಧಕರು ಮದ್ದುಗುಂಡು ಕಾರ್ಖಾನೆಗಳ ಮಹಿಳಾ ಕಾರ್ಮಿಕರ ಅಪಘಾತಗಳನ್ನು ಪರಿಶೀಲಿಸಿ, ಕೇವಲ ಆಕಸ್ಮಿಕದಿಂದ ವಿವರಿಸಲಾಗದಷ್ಟು ಅಪಘಾತಗಳು ಕೆಲವರ ಪಾಲಿಗೇ ಬರುವುವೆಂದು ತೋರಿಸಿದರು. ಇದು ಹುಟ್ಟುಗುಣವೆಂಬ ಅಂದಿನ ನಂಬಿಕೆ ಈಗ ಬಹುಮಟ್ಟಿಗೆ ಸಡಿಲಗೊಂಡಿದೆ.

ಪರವಾನಗಿ ದೊರೆತ ಮೊದಲ ಕೆಲವು ತಿಂಗಳುಗಳೇ ಅತ್ಯಂತ ಅಪಾಯಕರ. ಕೈಕಾಲುಗಳು ಬೇಗ ಪಳಗುತ್ತವೆ, ಕಣ್ಣು ಪಳಗಲು ಕಾಲ ಬೇಕು. 1972ರಲ್ಲಿ ಮೌರಾಂಟ್ ಮತ್ತು ರಾಕ್‌ವೆಲ್ ಅಮೆರಿಕದಲ್ಲಿ ಚಾಲಕರ ದೃಷ್ಟಿಚಲನೆಯನ್ನು ದಾಖಲಿಸಿದಾಗ, ಹೊಸಬರು ವಾಹನದ ಮುಂದಿನ ಸಮೀಪದ ರಸ್ತೆಯನ್ನೇ ಹೆಚ್ಚಾಗಿ ನೋಡುತ್ತಿದ್ದುದೂ ಕನ್ನಡಿಯತ್ತ ಕಣ್ಣು ಹಾಯಿಸುತ್ತಿದ್ದುದು ಕಡಿಮೆಯೆಂಬುದೂ ಕಂಡುಬಂದಿತು. ನಿಂತ ಬಸ್ಸಿನ ಮರೆಯಿಂದ ಮಗುವೊಂದು ಓಡಿಬರಬಹುದೆಂಬ ಊಹೆ ಅನುಭವಿಗೆ ಮೊದಲೇ ಹೊಳೆಯುತ್ತದೆ. ಹೊಸಬನಿಗೆ ಮಗು ಕಂಡ ಮೇಲೆ.

ಅನುಭವದ ಕೊರತೆ ಎಲ್ಲ ಹೊಸಬರಿಗೂ ಸಮಾನವಷ್ಟೆ. ವ್ಯತ್ಯಾಸ ತರುವುದು ಸ್ವಭಾವ ಮತ್ತು ಸಹವಾಸ. ರೋಮಾಂಚನವನ್ನು ಅರಸುವವನು, ತನ್ನ ಸಾಮರ್ಥ್ಯವನ್ನು ಅತಿಯಾಗಿ ಎಣಿಸುವವನು ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ. 2005ರಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ನಡೆಸಿದ ಪ್ರಯೋಗದಲ್ಲಿ, ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ವಾಹನದ ಆಟವೊಂದರಲ್ಲಿ ಹೆಚ್ಚು ಸಾಹಸಕ್ಕಿಳಿದರು. ವಯಸ್ಕರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಮನೆಯಲ್ಲಿ ಸೌಮ್ಯನಾಗಿರುವ ಮಗನ ಬಗ್ಗೆ ರಸ್ತೆಯಿಂದ ಬರುವ ದೂರನ್ನು ಪೋಷಕರು ನಂಬದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಹೆಚ್ಚಿನ ತರಬೇತಿಯಿಂದ ಎಲ್ಲವೂ ಸರಿಹೋಗುವುದೆ? ನಾರ್ವೆಯ ಅನುಭವ ಇಲ್ಲಿ ವಿಚಾರಾರ್ಹ. ಜಾರುವ ರಸ್ತೆಯಲ್ಲಿ ವಾಹನ ನಿಯಂತ್ರಿಸುವ ಶಿಕ್ಷಣವನ್ನು ಅಲ್ಲಿ 1979ರಲ್ಲಿ ಕಡ್ಡಾಯಗೊಳಿಸಲಾಯಿತು. ತರುವಾಯ ತರುಣರ ಅಪಘಾತಗಳು ಇಳಿಯುವುದರ ಬದಲು ಏರಿದವು. ಕಲಿತ ಕೌಶಲಕ್ಕಿಂತ ಬೆಳೆದ ಆತ್ಮವಿಶ್ವಾಸವೇ ದೊಡ್ಡದಾಗಿತ್ತು. ನ್ಯೂಜಿಲೆಂಡ್ 1987ರಲ್ಲಿ ಬೇರೆ ಮಾರ್ಗ ಹಿಡಿಯಿತು: ಹಂತಹಂತದ ಪರವಾನಗಿ. ಆರಂಭದಲ್ಲಿ ತಡರಾತ್ರಿ ಒಬ್ಬನೇ ವಾಹನ ನಡೆಸುವಂತಿಲ್ಲ, ಗೆಳೆಯರನ್ನು ಕೂರಿಸಿಕೊಂಡು ಹೋಗುವಂತಿಲ್ಲ. ಈ ಕ್ರಮ ಹಲವು ದೇಶಗಳಲ್ಲಿ ಅಪಘಾತಗಳನ್ನು ತಗ್ಗಿಸಿದೆ.

ನಮ್ಮಲ್ಲಿ ಅಂಥ ಹಂತಗಳಿಲ್ಲ. ಆದರೆ ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷಗಳವರೆಗೆ ಸೆರೆವಾಸವನ್ನೂ 25,000 ರೂಪಾಯಿ ದಂಡವನ್ನೂ 2019ರ ತಿದ್ದುಪಡಿ ವಿಧಿಸುತ್ತದೆ. ಬೀಗದ ಕೈ ಕೊಟ್ಟವರೂ ಹೊಣೆಗಾರರೆಂಬುದನ್ನು ಶಾಸನವೇ ಒಪ್ಪಿದಂತಾಗಿದೆ.